ಮಾತು ಬಾರದವರ ನೋವಿನ ಲೆಕ್ಕ

ನಮ್ಮ ಗಾವಡಗೆರೆ ಕಡೆ ನೋವಿಗೆ ಒಂದೇ ಹೆಸರಿಲ್ಲ. ಸೊಂಟದಲ್ಲಿ ಚಳುಕು, ತಲೆಯಲ್ಲಿ ಸಿಡಿತ, ಹೊಟ್ಟೆಯಲ್ಲಿ ಹಿಂಡಿದ ಹಾಗೆ, ಗಾಯದಲ್ಲಿ ಚುರುಚುರು ಉರಿ. ಕೆನಡಾದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಇಂಥದೇ ಇಂಗ್ಲಿಷ್ ಪದಗಳನ್ನು ಗುಂಪು ಮಾಡಿ, ಅಂಕ ಕೊಟ್ಟು, ಮೆಕ್‌ಗಿಲ್ ನೋವಿನ ಪ್ರಶ್ನಾವಳಿ ಪ್ರಕಟಿಸಿದರು. ಆದರೆ ಅದು ನಡೆಯೋದು ರೋಗಿಗೆ ಮಾತು ಬಂದರೆ ಮಾತ್ರ. ಕೂಸಿಗೆ ನೋವಾದರೆ?

ನೋವನ್ನು ಯಂತ್ರದಿಂದ ಅಳೆಯುವ ಆಸೆ ಹಳೇದು. 1940ರಲ್ಲಿ ನ್ಯೂಯಾರ್ಕಿನ ಕಾರ್ನೆಲ್‌ನಲ್ಲಿ ಹಾರ್ಡಿ, ವುಲ್ಫ್, ಗುಡೆಲ್ ಎಂಬ ಮೂವರು ಹಣೆಗೆ ಕಪ್ಪು ಬಳಿದು, ಅದರ ಮೇಲೆ ದೀಪದ ಶಾಖ ಬಿಟ್ಟು ನೋಡಿದರು. ಮುಂದೆ ನೋವಿಗೆ 'ಡಾಲ್' ಅನ್ನೋ ಅಳತೆಯನ್ನೂ ಕಟ್ಟಿದರು. ಆದರೆ ಯಂತ್ರ ಅಳೆದದ್ದು ಶಾಖವನ್ನು. 'ಈಗ ನೋವಾಯ್ತು' ಅಂತ ಹೇಳಬೇಕಾದವನು ಅಲ್ಲೂ ಮನುಷ್ಯನೇ.

ಹೇಳಲಾಗದ ಕೂಸುಗಳು ಇದಕ್ಕೆ ದೊಡ್ಡ ಬೆಲೆ ತೆತ್ತವು. 1980ರ ದಶಕದವರೆಗೂ ಅಮೆರಿಕ, ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳಲ್ಲಿ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಆಪರೇಷನ್ ಮಾಡುವಾಗ ಮೈ ಅಲುಗದಂತೆ ಔಷಧ ಕೊಡ್ತಿದ್ದರು. ನೋವು ತಡೆಯೋ ಔಷಧ ಮಾತ್ರ ತೀರಾ ಕಡಿಮೆ. ನರ ಇನ್ನೂ ಬಲಿತಿಲ್ಲ, ನೋವು ತಿಳಿಯಲ್ಲ ಅನ್ನೋದು ಒಂದು ನಂಬಿಕೆ. ಅಂಥ ಔಷಧ ತಡೆದುಕೊಳ್ಳಲಾರವು ಅನ್ನೋದು ಇನ್ನೊಂದು ಭಯ.

ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋದ ಕೆ.ಜೆ.ಎಸ್. ಆನಂದ್ ಇದನ್ನು ರಕ್ತದಲ್ಲೇ ಪರೀಕ್ಷೆ ಮಾಡಿದರು. ಹೃದಯದ ಹತ್ತಿರದ ಒಂದು ರಕ್ತನಾಳ ಕಟ್ಟಬೇಕಿದ್ದ 16 ಶಿಶುಗಳಲ್ಲಿ 8 ಶಿಶುಗಳಿಗೆ ರೂಢಿಯ ಔಷಧದ ಜೊತೆ ಫೆಂಟಾನಿಲ್ ಕೊಟ್ಟರು, ಉಳಿದ 8ಕ್ಕೆ ರೂಢಿಯಂತೆ ಅದಿಲ್ಲದೆಯೇ ಆಪರೇಷನ್ ಆಯ್ತು. ಫೆಂಟಾನಿಲ್ ಸಿಗದ ಶಿಶುಗಳ ಮೈಯಲ್ಲಿ ಅಡ್ರಿನಲಿನ್‌ನಂಥ ಹಾರ್ಮೋನುಗಳೂ ಸಕ್ಕರೆಯೂ ಹೆಚ್ಚು ಏರಿದ್ದವು. ಆಮೇಲಿನ ತೊಂದರೆಗಳೂ ಅವಕ್ಕೇ ಹೆಚ್ಚು. 1987ರಲ್ಲಿ 'ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕು ಅಂತ ಹೇಳಿತು.

ಹಾಗಂತ ಸಿಗ್ನಲ್ಲೇ ನೋವು ಅಂದ್ಕೋಬಾರದು. ನಿಮ್ಮ ಕೈಗಡಿಯಾರ ಎದೆಬಡಿತ 120 ಅಂತ ತೋರಿಸಬಹುದು. ಮೆಟ್ಟಿಲು ಹತ್ತಿದ್ದೋ, ಮ್ಯಾನೇಜರ್ ಫೋನ್ ಬಂದದ್ದೋ, ಹಲ್ಲುನೋವೋ ಅದಕ್ಕೇನು ಗೊತ್ತು? ಅದಕ್ಕೇ 1996ರಲ್ಲಿ ಕೆನಡಾದವರು ತಂದ ಪಿಐಪಿಪಿ ಮಾಪನ ಎದೆಬಡಿತ, ಆಮ್ಲಜನಕದ ಜೊತೆಗೆ ಕೂಸು ಹುಬ್ಬು ಗಂಟಿಕ್ಕೋದನ್ನೂ ಕಣ್ಣು ಬಿಗಿಯಾಗಿ ಮುಚ್ಚೋದನ್ನೂ ಎಣಿಸುತ್ತದೆ. ನಮ್ಮೂರಲ್ಲಿ ಕೂಸಿಗೆ ಎರೆಯೋ ಅಜ್ಜಿಯರು ನೋಡ್ತಿದ್ದದ್ದೂ ಅದೇ ಮುಖವನ್ನ.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆ ತಿದ್ದಿದಾಗ ಎರಡು ಮಾತು ಸ್ಪಷ್ಟ ಮಾಡಿತು: ಹೇಳಲಾಗದವರಿಗೂ ನೋವಿರಬಹುದು, ಹೇಳಿದವರ ಮಾತಿಗೆ ಗೌರವ ಕೊಡಬೇಕು. ಆನಂದ್ ರಕ್ತ ಪರೀಕ್ಷೆ ಮಾಡಿದ್ದು ಬಾಯಿಲ್ಲದವರ ಪರವಾಗಿ. ಬಾಯಿರೋ ರೋಗಿ 'ನೋಯ್ತದೆ' ಅಂದಾಗ, ಸ್ಕ್ರೀನ್ ನೋಡಿ 'ಎಲ್ಲಾ ನಾರ್ಮಲ್ ಇದೆಯಲ್ಲ' ಅಂತ ಬಾಯಿ ಮುಚ್ಚಿಸೋಕೆ ಆ ಲೆಕ್ಕ ಬಳಸಿದರೆ, ಹಳೇ ತಪ್ಪನ್ನೇ ಹೊಸ ಯಂತ್ರದಲ್ಲಿ ಮಾಡಿದ ಹಾಗೆ.