ಪ್ಯಾಡ್ ಕಟ್ಟಿ ಕೂತ ಲಾಲಾ

ಪ್ಯಾಡ್ ಕಟ್ಟಿಕೊಂಡು ಕಾಯುವುದು ಎಂಥ ಹಿಂಸೆ ಎನ್ನುವುದು ಆಡಿದವರಿಗೇ ಗೊತ್ತು. ಮೈಸೂರಿನ ಲೀಗ್ ಪಂದ್ಯಗಳಲ್ಲಿ ನಾನು ಆರನೆಯವನಾಗಿ ಇಳಿಯುತ್ತಿದ್ದೆ. ಕಾಲು ಜೋಮು ಹಿಡಿಯುತ್ತದೆ, ಗ್ಲೌಸ್ ಒಳಗೆ ಕೈ ಬೆವರುತ್ತದೆ, ಪ್ರತಿ ಅಪೀಲಿಗೂ ಎದೆ ಧಸಕ್ಕೆನ್ನುತ್ತದೆ. ಆದ್ದರಿಂದಲೇ 1936ರ ಲಾಲಾ ಅಮರನಾಥ್ ಪ್ರಸಂಗವನ್ನು ಯಾರಾದರೂ ಬರೀ ‘ಅಶಿಸ್ತು’ ಎಂದರೆ ನನಗೆ ರೇಗುತ್ತದೆ.

1933ರಲ್ಲಿ ಬಾಂಬೆ ಜಿಮ್ಖಾನಾದಲ್ಲಿ 118 ರನ್ ಹೊಡೆದು, ಭಾರತಕ್ಕೆ ಮೊದಲ ಟೆಸ್ಟ್ ಶತಕ ತಂದುಕೊಟ್ಟವರು ಅಮರನಾಥ್. 1936ರ ಇಂಗ್ಲೆಂಡ್ ಪ್ರವಾಸದಲ್ಲೂ ಎಸೆಕ್ಸ್ ವಿರುದ್ಧ ಎರಡೂ ಇನಿಂಗ್ಸಿನಲ್ಲಿ ನೂರು ದಾಟಿದ್ದರು. ನಾಯಕ ಮಾತ್ರ ವಿಜಯನಗರಂನ ಮಹಾರಾಜಕುಮಾರ ‘ವಿಜ್ಜಿ’: ದುಡ್ಡು, ದೊಡ್ಡವರ ಪರಿಚಯ ಎರಡೂ ಧಾರಾಳ, ಆಟವೊಂದೇ ಕಡಿಮೆ. ತಂಡದ ಮ್ಯಾನೇಜರ್ ಮೇಜರ್ ಬ್ರಿಟನ್-ಜೋನ್ಸ್. ತಂಡದೊಳಗೆ ವಿಜ್ಜಿಯ ಕಡೆಯವರು, ಹಿರಿಯ ಆಟಗಾರ ಸಿ.ಕೆ. ನಾಯ್ಡು ಕಡೆಯವರು ಎಂದು ಆಗಲೇ ಎರಡು ಬಣ.

ಲಾರ್ಡ್ಸ್‌ನಲ್ಲಿ ಮೈನರ್ ಕೌಂಟೀಸ್ ವಿರುದ್ಧದ ಪಂದ್ಯ. ಅಮರನಾಥ್‌ಗೆ ಸಿದ್ಧವಾಗಿರಲು ಹೇಳಿ, ಆಮೇಲೆ ಒಬ್ಬರಾದ ಮೇಲೊಬ್ಬರನ್ನು ಅವರಿಗಿಂತ ಮುಂದೆ ಕಳಿಸಿದರು. ಅವರ ಸರದಿ ಬರುವಷ್ಟರಲ್ಲಿ ದಿನದಾಟವೇ ಮುಗಿಯುವ ಹೊತ್ತು. ಡ್ರೆಸ್ಸಿಂಗ್ ರೂಮಿಗೆ ಮರಳಿ ಪ್ಯಾಡ್ ಬಿಚ್ಚಿ ಎಸೆದರು, ಪಂಜಾಬಿಯಲ್ಲಿ ಏನೋ ಗೊಣಗಿದರು. ಅಷ್ಟೇ ಸಾಕಾಯಿತು. ಹಿರಿಯರು ಕೇಳಿಕೊಂಡರೂ, ಅಮರನಾಥ್ ಅವರೇ ಕ್ಷಮೆ ಕೇಳಿದರೂ ಮ್ಯಾನೇಜರ್ ಜಗ್ಗಲಿಲ್ಲ. ಮೊದಲ ಟೆಸ್ಟ್ ಶುರುವಾಗುವ ಮುಂಚೆಯೇ ‘ಕೈಸರ್-ಇ-ಹಿಂದ್’ ಹಡಗು ಹತ್ತಿಸಿ ಊರಿಗೆ ಅಟ್ಟಿದರು. ಪ್ರವಾಸದಲ್ಲಿ ಅದಾಗಲೇ 613 ರನ್, 32 ವಿಕೆಟ್ ಗಳಿಸಿದ್ದ ಆಟಗಾರ! ಕೋಣೆಯೊಳಗೆ ಬೈದು ಮುಗಿಸಬಹುದಾಗಿದ್ದ ಸಿಟ್ಟನ್ನು ಎರಡು ದೇಶಗಳ ಪತ್ರಿಕೆಗಳ ಬಾಯಿಗೆ ಹಾಕಿದ್ದು ಮೇಜರ್ ಸಾಹೇಬರೇ.

ಸರಣಿಯಲ್ಲಿ ಭಾರತ 2-0 ಸೋತಿತು. ಮೂರು ಟೆಸ್ಟಿನಲ್ಲಿ ವಿಜ್ಜಿ ಗಳಿಸಿದ್ದು 33 ರನ್. ಅದೇ ವರ್ಷ ಅವರಿಗೆ ‘ಸರ್’ ಪದವಿಯೂ ಸಿಕ್ಕಿತು, ಬ್ಯಾಟಿಂಗಿಗಂತೂ ಅಲ್ಲ.

ಈ ಪ್ರವಾಸದ ರಗಳೆಯನ್ನು ವಿಚಾರಿಸಿದ ಸರ್ ಜಾನ್ ಬ್ಯೂಮಾಂಟ್ ಸಮಿತಿ 1937ರ ಜನವರಿಯಲ್ಲಿ ವರದಿ ಕೊಟ್ಟಿತು. ಫೀಲ್ಡಿಂಗ್ ನಿಲ್ಲಿಸುವುದಾಗಲಿ ಬೌಲಿಂಗ್ ಬದಲಿಸುವುದಾಗಲಿ ವಿಜ್ಜಿಗೆ ತಿಳಿಯದು, ಬ್ಯಾಟಿಂಗ್ ಕ್ರಮಕ್ಕೆ ತಲೆಬುಡವಿರಲಿಲ್ಲ ಎಂಬುದು ಅದರ ಸಾರ. ಅಮರನಾಥ್ ಮೇಲಿನ ಕಳಂಕ ತೊಳೆಯಿತು. ಅವರೇನೂ ಬಾಯಿ ಬಿಗಿಹಿಡಿಯುವ ಸಾಧುವಲ್ಲ, 1949ರಲ್ಲಿ ಕ್ರಿಕೆಟ್ ಮಂಡಳಿಯೇ ಅವರನ್ನು ಅಮಾನತು ಮಾಡಿತು. ಆದರೆ 1936ರ ಶಿಕ್ಷೆ ತಪ್ಪಿಗೆ ತಕ್ಕದ್ದಾಗಿರಲಿಲ್ಲ.

ಕಳಂಕ ತೊಳೆದರೂ, ಮತ್ತೆ ಟೆಸ್ಟ್ ಆಡುವಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಅವರ ಮುಂದಿನ ಟೆಸ್ಟ್ 1946ರಲ್ಲಿ, ಅದೇ ಲಾರ್ಡ್ಸ್‌ನಲ್ಲಿ. ಇಂಗ್ಲೆಂಡಿನ ಮೊದಲ ಇನಿಂಗ್ಸಿನಲ್ಲಿ ಐದು ವಿಕೆಟ್ ಕಿತ್ತರು. ಆಗ ಅವರಿಗೆ 34 ವರ್ಷ.