ಹಂಗೇರಿಯ ನಾಗರಿಕ ಕೂಟಗಳು

2002ರ ಏಪ್ರಿಲ್ ಚುನಾವಣೆಯಲ್ಲಿ ಹಂಗೇರಿಯ ಪ್ರಧಾನಿ ವಿಕ್ಟರ್ ಒರ್ಬಾನ್ ಅಲ್ಪ ಅಂತರದಿಂದ ಅಧಿಕಾರ ಕಳೆದುಕೊಂಡರು. ಅವರ ಫಿಡೆಸ್ ಮೈತ್ರಿಗೆ 188 ಸ್ಥಾನ, ಸಮಾಜವಾದಿಗಳಿಗೂ ಉದಾರವಾದಿಗಳಿಗೂ ಸೇರಿ 198. ಮೇ 7ರಂದು ಬುಡಾಪೆಸ್ಟ್‌ನಲ್ಲಿ ಬೆಂಬಲಿಗರನ್ನು ಸೇರಿಸಿದ ಒರ್ಬಾನ್, ಊರೂರಿನಲ್ಲಿ ಸಣ್ಣ ಸಣ್ಣ ಕೂಟ ಕಟ್ಟಿಕೊಳ್ಳಿ ಎಂದು ಕರೆಕೊಟ್ಟರು. ಹೀಗೆ ಹುಟ್ಟಿದವು ‘ಪೊಲ್ಗಾರಿ ಕೊರೊಕ್’, ಅಂದರೆ ನಾಗರಿಕ ಕೂಟಗಳು. ನಾಡು ವಿರೋಧ ಪಕ್ಷದಲ್ಲಿ ಕೂರಲಾರದು ಎಂಬ ಅವರ ಮಾತು ಅಂದಿನಿಂದಲೇ ಪ್ರಸಿದ್ಧ. ಹಾಗಾದರೆ ಗೆದ್ದವರು ಯಾವ ನಾಡಿನವರು ಎಂದು ಟೀಕಾಕಾರರು ಕೇಳಿದ್ದು ಸಹಜವೇ.

ಕೂಟಗಳಲ್ಲಿ ನಡೆಯುತ್ತಿದ್ದುದೇನು?

ಇಂಥ ಸಾವಿರಾರು ಕೂಟಗಳು ತಲೆಯೆತ್ತಿದವು. ಓದಿಕೊಂಡ ಮಧ್ಯಮವರ್ಗದವರು, ನಗರವಾಸಿಗಳು, ಚರ್ಚಿಗೆ ನಡೆದುಕೊಳ್ಳುವವರು ಹೆಚ್ಚಾಗಿ ಸೇರಿದರು. ಪಕ್ಷದ ಸದಸ್ಯತ್ವ ಬೇಕಿರಲಿಲ್ಲ. ಉಪನ್ಯಾಸ, ರಾಷ್ಟ್ರೀಯ ಹಬ್ಬ, ಬಡವರಿಗಾಗಿ ವಂತಿಗೆ, ಗಡಿಯಾಚೆಯ ಹಂಗೇರಿಯನ್ನರೊಂದಿಗೆ ಒಡನಾಟ, ಮನವಿಪತ್ರ, ಮೆರವಣಿಗೆ ಎಲ್ಲವೂ ಇದ್ದವು. 1848ರ ಕ್ರಾಂತಿಯ ನೆನಪಿಗೆ ಮಾರ್ಚ್ 15ರಂದು ಎಲ್ಲರೂ ಎದೆಗೆ ಸಿಕ್ಕಿಸಿಕೊಳ್ಳುವ ಕೆಂಪು-ಬಿಳಿ-ಹಸಿರು ಪಟ್ಟಿಯ ಹೂವು 2002ರ ಹೊತ್ತಿಗೆ ಒರ್ಬಾನ್ ಪಾಳೆಯವೊಂದರದೇ ಗುರುತಾಗಿಬಿಟ್ಟಿತ್ತು.

ಪಕ್ಷಕ್ಕಾದ ಲಾಭದ ಗುಟ್ಟು ಇಲ್ಲಿದೆ. ಚುನಾವಣೆ ಮುಗಿದ ಮೇಲೆ ಕಾರ್ಯಕರ್ತ ಮನೆ ಸೇರುತ್ತಾನೆ. ಕೂಟದವರಿಗೋ ಮುಂದಿನ ವಾರ ಮತ್ತೆ ಸೇರುವುದಿರುತ್ತದೆ. ಸಂಘಸಂಸ್ಥೆಗಳು ಹೆಚ್ಚಿದಷ್ಟೂ ಜನತಂತ್ರ ಉದಾರವಾಗುತ್ತದೆ ಎಂಬುದು ಹಳೆಯ ನಂಬಿಕೆ. ಆದರೆ ಒಂದೇ ಮನಸ್ಸಿನವರೇ ಸೇರಿದರೆ ಒಡನಾಟದಿಂದ ಗಟ್ಟಿಯಾಗುವುದು ಆ ಮನಸ್ಸೇ. ವೈಮರ್ ಜರ್ಮನಿಯಲ್ಲಿ ಸಂಘಗಳು ಹೆಚ್ಚಿದ್ದ ಪಟ್ಟಣಗಳಲ್ಲೇ ನಾಜಿ ಪಕ್ಷ ಬೇಗ ಬೇರೂರಿತೆಂದು ಸಂಶೋಧಕರು ತೋರಿಸಿದ್ದಾರೆ.

ಅಧಿಕಾರದ ದಾರಿ

ಫಲ ಕೂಡಲೇ ಸಿಗಲಿಲ್ಲ. 2006ರಲ್ಲಿ ಫಿಡೆಸ್ ಮತ್ತೆ ಸೋತಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ತಾವು ಜನರಿಗೆ ಸುಳ್ಳು ಹೇಳುತ್ತಿದ್ದೆವೆಂದು ಪ್ರಧಾನಿ ಫೆರೆಂಟ್ಸ್ ಗ್ಯುರ್ಚಾನಿ ಪಕ್ಷದ ಒಳಸಭೆಯಲ್ಲಿ ಒಪ್ಪಿಕೊಂಡಿದ್ದ ಧ್ವನಿಮುದ್ರಿಕೆ ಬಯಲಾಯಿತು. 2008ರ ಮಾರ್ಚ್‌ನಲ್ಲಿ, ವೈದ್ಯರನ್ನು ಕಾಣಲು ಕೊಡಬೇಕಿದ್ದ 300 ಫೋರಿಂಟ್ ಶುಲ್ಕದ ವಿರುದ್ಧ ಫಿಡೆಸ್ ಜನಮತಗಣನೆ ಮಾಡಿಸಿ, ಶೇ 80ಕ್ಕೂ ಹೆಚ್ಚು ಮತಗಳಿಂದ ಗೆದ್ದಿತು. ಅಂಥ ಗಣನೆಗೆ 2 ಲಕ್ಷ ಸಹಿ ಬೇಕಿತ್ತು. ಮನೆಮನೆ ತಿರುಗಬಲ್ಲ ಜನರಿಲ್ಲದ ಪಕ್ಷಕ್ಕೆ ಇದು ಸುಲಭವಲ್ಲ. 2010ರಲ್ಲಿ ಫಿಡೆಸ್ ಮೈತ್ರಿ 386ರಲ್ಲಿ 263 ಸ್ಥಾನ ಪಡೆಯಿತು. ಮೂರನೇ ಎರಡರಷ್ಟು ಬಹುಮತ, ಹೊಸ ಸಂವಿಧಾನ ಬರೆಯುವಷ್ಟು ಬಲ.

ಇದೆಲ್ಲ ಕೂಟಗಳಿಂದಲೇ ಆಯಿತೆನ್ನಲಾಗದು. ಎದುರಾಳಿಗಳ ತಪ್ಪು, 2008ರ ಆರ್ಥಿಕ ಕುಸಿತ ಎರಡೂ ನೆರವಾದವು.

ಗೆದ್ದ ಮೇಲೆ

ಗೆಲುವಿಗೆ ಮುಂಚೆಯೇ ಬಹುತೇಕ ಕೂಟಗಳು ಸೊರಗಿದ್ದವು. ಚುರುಕಿನವರನ್ನು ಪಕ್ಷವೇ ಸೆಳೆದುಕೊಂಡಿತ್ತು. ಆದರೆ ಇದೇ ಬಗೆಯ ಸಂಘಟನೆ ಮುಂದೆ ಮತ್ತೆ ಕಾಣಿಸಿಕೊಂಡಿತು. 2024ರಲ್ಲಿ ಫಿಡೆಸ್ ವಲಯದಿಂದ ಸಿಡಿದುಬಂದ ಪೀಟರ್ ಮಾಗ್ಯಾರ್ ತಮ್ಮ ತಿಸಾ ಪಕ್ಷಕ್ಕಾಗಿ ‘ತಿಸಾ ದ್ವೀಪ’ಗಳೆಂಬ ಸ್ಥಳೀಯ ಗುಂಪುಗಳನ್ನು ಕಟ್ಟತೊಡಗಿದರು. ಮರುವರ್ಷ ಒರ್ಬಾನ್ ತಮ್ಮ ಬೆಂಬಲಿಗರಿಗಾಗಿ ಡಿಜಿಟಲ್ ನಾಗರಿಕ ಕೂಟಗಳನ್ನು ಆರಂಭಿಸಿದರು.