ಗುಣ ಅಳೆಯಲು ಹೊರಟವರು

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಗೆ ಒಂದು ಕಡೆ ಶಿವಗಂಗೆ ಬೆಟ್ಟ, ಇನ್ನೊಂದು ಕಡೆ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ. ಕಾರ್ಖಾನೆಗಳು ಬಂದು ಊರುಗಳ ಚಹರೆ ಬದಲಾಯಿತು. ಆದರೆ ಸಂಬಂಧ ಬೆಳೆಸುವ ಮೊದಲು 'ವಿಚಾರಿಸುವ' ಪದ್ಧತಿ ನಮ್ಮ ಹಳ್ಳಿಗಳಲ್ಲಿ ಎಲ್ಲೂ ಪೂರ್ತಿ ಹೋಗಿಲ್ಲ. ಹೆಣ್ಣಿನ ಕಡೆಯವರು ಹುಡುಗನ ಮನೆಗೆ ಕಾಲಿಡುವ ಮೊದಲೇ ಅವನೂರಿನ ಅಂಗಡಿ, ಹಾಲಿನ ಡೈರಿ, ದೂರದ ನೆಂಟರ ಜಗಲಿ ಸುತ್ತಿ ಬರುತ್ತಾರೆ. 'ಹುಡುಗ ಹೆಂಗೆ?' ಎಂದರೆ ಒಬ್ಬರು 'ಮುಂಗೋಪಿ, ಆದ್ರೆ ಕಪಟ ಇಲ್ಲ' ಅನ್ನುತ್ತಾರೆ, ಇನ್ನೊಬ್ಬರು 'ಮಾತು ಕಮ್ಮಿ, ಕೆಲ್ಸಗಾರ' ಅನ್ನುತ್ತಾರೆ. ಒಬ್ಬರ ಮಾತನ್ನೇ ನಂಬಿ ಯಾರೂ ಹೆಣ್ಣು ಕೊಡುವುದಿಲ್ಲ. ಪರಸ್ಪರ ಗೊತ್ತಿಲ್ಲದ ನಾಲ್ಕು ಜನ ಅದೇ ಮಾತು ಹೇಳಿದರೆ ಮಾತ್ರ ಅದು ಹುಡುಗನ ಗುಣ ಎಂದಾಗುತ್ತದೆ.

ಮನೋವಿಜ್ಞಾನಿಗಳು ಸುಮಾರು 140 ವರ್ಷಗಳಿಂದ ಮಾಡುತ್ತಿರುವುದೂ ಇಂಥದೇ ವಿಚಾರಣೆ. ಅವರ ಕೈಯಲ್ಲಿ ಗಣಿತ ಇದೆ, ಅಷ್ಟೇ ವ್ಯತ್ಯಾಸ.

ಗುಣವನ್ನು ಕಣ್ಣಿನಿಂದ ಕಂಡವರಿಲ್ಲ. ಕಾಣುವುದು ನಡವಳಿಕೆ ಮಾತ್ರ. ಬೇರೆ ಬೇರೆ ಸಂದರ್ಭಗಳಲ್ಲಿ, ವರ್ಷಗಳ ಅಂತರದಲ್ಲಿ, ಒಬ್ಬ ಮನುಷ್ಯ ಒಂದೇ ಬಗೆಯಲ್ಲಿ ಯೋಚಿಸಿ ನಡೆದುಕೊಂಡರೆ, ಅದರ ಹಿಂದೆ ಸ್ಥಿರವಾದ ಒಲವೊಂದಿದೆ ಎಂದು ಊಹಿಸುತ್ತಾರೆ. ಆ ಒಲವಿಗೇ ವ್ಯಕ್ತಿತ್ವದ ಗುಣಲಕ್ಷಣ ಎಂಬ ಹೆಸರು. ಸಿಟ್ಟು ಬಂದುಹೋಗುವ ಸ್ಥಿತಿ, ಮುಂಗೋಪ ಗುಣ.

ಇಂಥ ಒಲವುಗಳು ಎಷ್ಟಿವೆ? 1884ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ನಿಘಂಟು ತೆರೆದು ಕೂತ. ಜನರಿಗೆ ಮುಖ್ಯವೆನಿಸಿದ ಗುಣಕ್ಕೆ ಭಾಷೆ ಹೆಸರಿಟ್ಟೇ ಇರುತ್ತದೆ ಎಂಬುದು ಅವನ ತರ್ಕ. 1936ರಲ್ಲಿ ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಆ ಕೆಲಸವನ್ನು ಪೂರ್ತಿಯಾಗಿ ಮಾಡಿದರು. ವೆಬ್‌ಸ್ಟರ್ ನಿಘಂಟಿನಿಂದ ಮನುಷ್ಯರ ನಡತೆಗೆ ಸಂಬಂಧಿಸಿದ 17,953 ಪದಗಳನ್ನು ಹೆಕ್ಕಿ, ಅವುಗಳಲ್ಲಿ 4,504 ಮಾತ್ರ ಸ್ಥಿರವಾದ ಗುಣಗಳು ಎಂದು ಬೇರ್ಪಡಿಸಿದರು.

ಅಷ್ಟು ಪದಗಳನ್ನು ಹಿಡಿಯಷ್ಟಕ್ಕೆ ಇಳಿಸುವ ಗಣಿತ ಅಷ್ಟರಲ್ಲಾಗಲೇ ಹುಟ್ಟಿತ್ತು. ಒಂದು ವಿಷಯದಲ್ಲಿ ಚುರುಕಾದ ಮಕ್ಕಳು ಉಳಿದವುಗಳಲ್ಲೂ ಚುರುಕಾಗಿರುವುದನ್ನು ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಗಮನಿಸಿ, ಅಂಕಗಳ ಹಿಂದೆ ಅಡಗಿರುವ ಸಮಾನ ಅಂಶವನ್ನು ಲೆಕ್ಕದಿಂದ ಹೊರತೆಗೆಯುವ ವಿಧಾನ ತೋರಿಸಿದ. ಅವನ ಶಿಷ್ಯ ಎಡ್ವರ್ಡ್ ವೆಬ್ 1915ರಲ್ಲಿ ಅದೇ ವಿಧಾನವನ್ನು ವಿದ್ಯಾರ್ಥಿಗಳ ಸ್ವಭಾವಕ್ಕೆ ಹಚ್ಚಿ, ಹಿಡಿದ ಕೆಲಸ ಬಿಡದ ಛಲವೆಂಬ ಸಮಾನ ಅಂಶವನ್ನು ಕಂಡ.

ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತವರಲ್ಲಿ ಎಂ. ವಿ. ಗೋಪಾಲಸ್ವಾಮಿ ಕೂಡ ಒಬ್ಬರು. ಅವರು ಊರಿಗೆ ಮರಳಿದ ಮೇಲೆ, 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾಯಿತು. ಕಲ್ಕತ್ತವನ್ನು ಬಿಟ್ಟರೆ ದೇಶದಲ್ಲಿ ಆಗ ಇದ್ದ ಅಂಥ ವಿಭಾಗ ಅದೊಂದೇ. ಕಾಲವೂ ಕೂಡಿಬಂದಿತ್ತು. ಆಗ ಮೈಸೂರಿನ ಉಪಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್, ಕಲ್ಕತ್ತದಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮವನ್ನು ಮೊದಲು ಬರೆದುಕೊಟ್ಟಿದ್ದವರೇ. ಗೋಪಾಲಸ್ವಾಮಿಯವರು ಕನ್ನಡಿಯಲ್ಲಿ ಕಾಣುವ ಬಿಂಬವನ್ನಷ್ಟೇ ನೋಡುತ್ತ ಗೆರೆ ಎಳೆಸುವ ಪ್ರಯೋಗದಿಂದ ಕೈಚಳಕಕ್ಕೂ ಬುದ್ಧಿಗೂ ಇರುವ ನಂಟನ್ನು ಹುಡುಕಿದ್ದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಬಾನುಲಿ ಕೇಂದ್ರ ಆರಂಭಿಸಿದವರೂ ಇವರೇ. ಜನ ಇವತ್ತಿಗೂ ನೆನೆಯುವುದು ಆ ಬಾನುಲಿಯನ್ನು. ಪ್ರಯೋಗಾಲಯದ ಕಥೆ ಗೊತ್ತಿರುವವರು ಕಡಿಮೆ.

ಹೊರಗಿನಿಂದ ಬಂದ ಅಳತೆಗೋಲು ಇಲ್ಲಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಧಾರವಾಡ ಕೈ ಹಾಕಿತು. ವಿ. ವಿ. ಕಾಮತ್ ಅವರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿಗೆ ಅಳವಡಿಸಿ, ಧಾರವಾಡದ ಮಕ್ಕಳ ಮೇಲೆ ಪ್ರಯೋಗಿಸಿ, ಪ್ರಶ್ನೆಗಳ ಕ್ರಮವನ್ನೇ ಇಲ್ಲಿನ ಮಕ್ಕಳ ಉತ್ತರಗಳಿಗೆ ತಕ್ಕಂತೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಹಲವು ದಶಕ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಅದು ಅಳೆದದ್ದು ಬುದ್ಧಿಯನ್ನು. ಸ್ವಭಾವ ಅಳೆಯುವ ಕೆಲಸ ಬೆಂಗಳೂರಿಗೆ ಉಳಿಯಿತು.

1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆ ಎತ್ತಿತು. ಎರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆದವು. ಅಮೆರಿಕದಿಂದ ಬಂದ ಮಿನೆಸೋಟ ಪ್ರಶ್ನಾವಳಿಯಲ್ಲಿ ಐನೂರಕ್ಕೂ ಹೆಚ್ಚು ಹೇಳಿಕೆಗಳಿದ್ದವು. ಆಸ್ಪತ್ರೆಗೆ ಬಂದವರನ್ನು ಅಷ್ಟು ಹೊತ್ತು ಕೂರಿಸಿಕೊಳ್ಳುವುದು ಸುಲಭವಲ್ಲ. ಸಂಸ್ಥೆಯ ಎಚ್. ಎನ್. ಮೂರ್ತಿಯವರು 1960ರ ದಶಕದಲ್ಲಿ ಅದಕ್ಕಿಂತ ಎಷ್ಟೋ ಚಿಕ್ಕದಾದ, 'ಸರಿ-ತಪ್ಪು' ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನಾವಳಿ ರೂಪಿಸಿದರು. ಕನ್ನಡ ಓದುಗರಿಗೂ ಮನಸ್ಸಿನ ಶಾಸ್ತ್ರ ಹೊಸದಾಗಿರಲಿಲ್ಲ. 'ಕೊರವಂಜಿ' ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಇಷ್ಟರ ನಡುವೆ ಬುಡವನ್ನೇ ಅಲುಗಿಸುವ ಜಗಳವೊಂದು ಎದ್ದಿತ್ತು. 'ಹುಟ್ಟುಗುಣ ಸುಟ್ಟರೂ ಹೋಗದು' ಎನ್ನುವ ಕನ್ನಡದವರೇ 'ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ' ಎಂದೂ ಹೇಳುತ್ತಾರೆ. 1968ರಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಈ ಎರಡನೆಯ ಮಾತಿನ ಪಕ್ಷ ವಹಿಸಿದ. ಗುಣದ ಅಂಕ ನೋಡಿ ಒಂದು ಸಂದರ್ಭದಲ್ಲಿ ಮನುಷ್ಯ ಏನು ಮಾಡುತ್ತಾನೆಂದು ಹೇಳಹೊರಟರೆ ಸಿಗುವ ಭರವಸೆ ತೀರಾ ತೆಳು ಎಂದು ಅಂಕಿಅಂಶ ಮುಂದಿಟ್ಟ. ಸೇಮೂರ್ ಎಪ್‌ಸ್ಟೈನ್ 1979ರಲ್ಲಿ ಉತ್ತರ ಕೊಟ್ಟ: ಒಂದು ದಿನದ ನಡತೆ ನೋಡಬೇಡಿ, ಹಲವು ದಿನಗಳದ್ದು ಕೂಡಿಸಿ ನೋಡಿ, ಸ್ಥಿರತೆ ತಾನಾಗಿ ಕಾಣುತ್ತದೆ.

ಇನ್ನೊಂದು ಸೂಕ್ಷ್ಮವೂ ಆ ವಾದದಿಂದ ಹೊರಬಿತ್ತು. ಸಂಕ್ರಾಂತಿಯ ಸಮಯದಲ್ಲಿ ಶಿವಗಂಗೆ ಬೆಟ್ಟಕ್ಕೆ ಸುತ್ತಲ ಹಳ್ಳಿಗಳ ಜನ ಹೋಗುತ್ತಾರೆ. ಗದ್ದಲ ಇಷ್ಟಪಡುವವನೂ ಹೋಗುತ್ತಾನೆ, ಏಕಾಂತಪ್ರಿಯನೂ ಹೋಗುತ್ತಾನೆ. ಮನೆದೇವರ ಪದ್ಧತಿ ಇಬ್ಬರನ್ನೂ ಹೊರಡಿಸುತ್ತದೆ. ಆದ್ದರಿಂದ ಜಾತ್ರೆಗೆ ಹೋದನೇ ಎಂಬ ಪ್ರಶ್ನೆಯಿಂದ ಅವನು ಬಹಿರ್ಮುಖಿಯೇ ಎಂದು ತಿಳಿಯದು. ಪೂಜೆ ಮುಗಿದ ಮೇಲೆ, ಹೀಗೇ ಮಾಡು ಎನ್ನುವವರು ಯಾರೂ ಇಲ್ಲದಾಗ ಏನು ಮಾಡುತ್ತಾನೆ ಎಂಬುದನ್ನು ಕೇಳಬೇಕು. ಆಯ್ಕೆಗೆ ಜಾಗ ಇದ್ದ ಕಡೆ ಗುಣ ಎದ್ದು ಕಾಣುತ್ತದೆ. ವಿದೇಶಿ ಪ್ರಶ್ನಾವಳಿಗಳನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ಎಡವುವುದು ಇಂಥ ಕಡೆಯೇ.

ಅಷ್ಟರಲ್ಲಿ ಅಮೆರಿಕದಲ್ಲಿ ಪದಗಳ ಗುಂಪು ಕಿರಿದಾಗುತ್ತ ಬಂದಿತ್ತು. ರೇಮಂಡ್ ಕ್ಯಾಟೆಲ್ 1949ರಲ್ಲಿ 16 ಅಂಶಗಳ ಪರೀಕ್ಷೆ ತಂದ. ಲಂಡನ್ನಿನ ಹ್ಯಾನ್ಸ್ ಐಸೆಂಕ್‌ಗೆ ಕೊನೆಗೆ ಮೂರೇ ಸಾಕಾಯಿತು. 1961ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧಕರಿಗೆ ಕಂಡ ಐದು ಗುಂಪುಗಳೇ ಕಡೆಗೆ ನಿಂತವು: ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ, ಭಾವನೆಗಳ ಏರುಪೇರು, ಹೊಸತಿಗೆ ತೆರೆದ ಮನಸ್ಸು. 2006ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಹಿಂಬಾಲಿಸಲಾದ 92 ಜನಗುಂಪುಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿದಾಗ, 20ರಿಂದ 40ರ ವಯಸ್ಸಿನ ನಡುವೆ ಕರ್ತವ್ಯನಿಷ್ಠೆ ಹೆಚ್ಚುತ್ತ ಹೋಗುವುದು ಕಂಡಿತು. ಗುಣ ಸ್ಥಿರ, ಆದರೆ ಕಲ್ಲಲ್ಲ.

ಇಂಗ್ಲಿಷ್ ಪದಗಳಿಂದ ಹೊರಟರೆ ಐದು ಸಿಗುತ್ತದೆ. ನಮ್ಮ ಪದಗಳಿಂದ ಹೊರಟರೆ? ಸಾಂಖ್ಯರು ಸ್ವಭಾವವನ್ನು ಸತ್ವ, ರಜಸ್ಸು, ತಮಸ್ಸು ಎಂದು ಬಿಡಿಸಿದ್ದರು. ಆ ಮೂರನ್ನು ಅಳೆಯುವ ಪ್ರಶ್ನಾವಳಿಯೊಂದು 1998ರಲ್ಲಿ ನಿಮ್ಹಾನ್ಸ್ ಜರ್ನಲ್‌ನಲ್ಲಿ ಪ್ರಕಟವಾಯಿತು. 2013ರಲ್ಲಿ ಜಿತೇಂದ್ರ ಸಿಂಗ್, ಗಿರೀಶ್ವರ ಮಿಶ್ರ ಮತ್ತು ಡಚ್ ವಿದ್ವಾಂಸ ಬೂಲೆ ಡಿ ರಾಡ್ ಹಿಂದಿಯ ಗುಣವಾಚಕ ಪದಗಳನ್ನು ಅದೇ ಹಳೆಯ ಗಣಿತಕ್ಕೆ ಒಡ್ಡಿದಾಗ, ಗುಂಪುಗಳು ಐದಕ್ಕಿಂತ ಈ ಮೂರಕ್ಕೇ ಹತ್ತಿರವಾಗಿದ್ದವು.

ಸಂಶೋಧನೆಯಿಂದಾಚೆಗೆ, ಗುಣ ಅಳೆಯುವ ಕೆಲಸ ಬೆಂಗಳೂರಿನಲ್ಲಿ ಎಲ್ಲಕ್ಕಿಂತ ಬಿರುಸಾಗಿ ನಡೆಯುವ ಜಾಗಗಳಲ್ಲಿ ಸೇನಾಧಿಕಾರಿಗಳನ್ನು ಆರಿಸುವ ದಕ್ಷಿಣ ಆಯ್ಕೆ ಕೇಂದ್ರ ಒಂದು. ಅಲ್ಲಿಗೆ ಬಂದ ಯುವಕ ಯುವತಿಯರು ಒಂದು ಪದ ಕಂಡೊಡನೆ 15 ಸೆಕೆಂಡಿನಲ್ಲಿ ವಾಕ್ಯ ಬರೆಯಬೇಕು, ಹೀಗೆ 60 ಪದ. ಮಸುಕಾದ ಚಿತ್ರ ನೋಡಿ ಕಥೆ ಕಟ್ಟಬೇಕು. ಮನೋವಿಜ್ಞಾನಿ ಬರಹ ಓದುತ್ತಾರೆ, ಇನ್ನೊಬ್ಬರು ಮೈದಾನದ ಗುಂಪು ಕೆಲಸ ಗಮನಿಸುತ್ತಾರೆ, ಮತ್ತೊಬ್ಬರು ಸಂದರ್ಶನ ಮಾಡುತ್ತಾರೆ. ಮೂವರೂ ಬೇರೆ ಬೇರೆಯಾಗಿ ಅಂದಾಜು ಬರೆದುಕೊಂಡು, ಕೊನೆಯ ದಿನ ಒಂದೇ ಮೇಜಿನ ಮುಂದೆ ಕೂತು ಪ್ರತಿ ಅಭ್ಯರ್ಥಿಯನ್ನೂ ಕರೆಸಿ ತೀರ್ಮಾನಿಸುತ್ತಾರೆ.